ಸರ್ವೆ ಮಾಡಿದ ವಿಶ್ವವಿದ್ಯಾಲಯ, ಗುಂಡು ಹಾರಿಸಿದ ಸೇನೆ: ಎಲ್ ಸಾಲ್ವಡಾರ್‌ನ ಊಕಾ ಪ್ರಕರಣ

ಈ ವಿಶ್ವವಿದ್ಯಾಲಯ ಶುರುವಾಗಿದ್ದೇ ಬಂಡಾಯ ಬೇಡ ಅಂತ.

1960ರ ದಶಕದ ಎಲ್ ಸಾಲ್ವಡಾರ್‌ನಲ್ಲಿ ಇದ್ದದ್ದು ಒಂದೇ ವಿಶ್ವವಿದ್ಯಾಲಯ, ಅದು ಸರ್ಕಾರದ್ದು. ಅಲ್ಲಿ ಮಾರ್ಕ್ಸ್‌ವಾದಿಗಳು ತುಂಬಿಕೊಂಡಿದ್ದಾರೆ, ಮಕ್ಕಳನ್ನು ಕಳಿಸಿದರೆ ದಾರಿ ತಪ್ಪುತ್ತಾರೆ ಎಂಬ ಭಯ ಉಳ್ಳವರ ಮನೆಗಳಲ್ಲಿತ್ತು. ಅವರು ಜೆಸ್ವಿಟ್ ಪಾದ್ರಿಗಳನ್ನು, ಅಂದರೆ ನಮ್ಮ ಕಡೆ ಯೇಸುಸಭೆಯವರು ಅನ್ನುತ್ತೇವಲ್ಲ ಅವರನ್ನು, ಒಂದು ಒಳ್ಳೆಯ ಕ್ಯಾಥೊಲಿಕ್ ವಿಶ್ವವಿದ್ಯಾಲಯ ನಡೆಸಿಕೊಡಿ ಎಂದು ಕೇಳಿಕೊಂಡರು. 1965ರಲ್ಲಿ ರಾಜಧಾನಿ ಸಾನ್ ಸಾಲ್ವಡಾರ್‌ನಲ್ಲಿ ಸೆಂಟ್ರಲ್ ಅಮೆರಿಕನ್ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ಸ್ಪ್ಯಾನಿಷ್ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಅಲ್ಲಿನ ಜನ ಅದನ್ನು ಊಕಾ ಅನ್ನುತ್ತಾರೆ. 1823ರ ಕೊನೆಯಲ್ಲಿ ಮಧ್ಯ ಅಮೆರಿಕದ ಸಂಸತ್ತಿನಲ್ಲಿ ಗುಲಾಮಗಿರಿ ರದ್ದಾಗಬೇಕು ಎಂದು ಎದ್ದು ನಿಂತು ಕೇಳಿದ ಪಾದ್ರಿ ಹೊಸೆ ಸಿಮಿಯೋನ್ ಕಾನ್ಯಾಸ್. ಮುಂದೆ ಅವರ ಹೆಸರನ್ನೇ ಇದಕ್ಕೆ ಸೇರಿಸಿಕೊಂಡರು.

24 ವರ್ಷ ಕಳೆದ ಮೇಲೆ, 1989ರ ನವೆಂಬರ್ 16ರ ನಸುಕಿನಲ್ಲಿ, ದೇಶದ ಸೇನೆಯೇ ಕ್ಯಾಂಪಸ್ಸಿಗೆ ನುಗ್ಗಿ ಇದರ ಕುಲಪತಿಯನ್ನೂ ಇನ್ನೂ ಐವರು ಪಾದ್ರಿಗಳನ್ನೂ ಕೊಂದಿತು. ಅಡುಗೆ ಕೆಲಸದ ಒಬ್ಬ ತಾಯಿ ಮತ್ತು ಅವಳ 16 ವರ್ಷದ ಮಗಳನ್ನೂ ಬಿಡಲಿಲ್ಲ.

ಉಳ್ಳವರ ಮಕ್ಕಳಿಗಾಗಿ ಕಟ್ಟಿದ ಸಂಸ್ಥೆಯನ್ನು ಅದೇ ಉಳ್ಳವರು ದೇಶದ್ರೋಹಿಗಳ ಗೂಡು ಅನ್ನುವ ಹಾಗೆ ಆದದ್ದು ಹೇಗೆ? ಆಳುವವರ ಬುಡ ಅಲುಗಾಡಿಸುವ ಸಂಶೋಧನೆಗೆ ವಿಶ್ವವಿದ್ಯಾಲಯ ಬೆಂಬಲ ಕೊಡಬೇಕಾ ಬೇಡವಾ ಎಂದು ನಮ್ಮಲ್ಲೂ ಚರ್ಚೆ ನಡೆಯುತ್ತಲೇ ಇರುತ್ತದೆ. ಆ ಚರ್ಚೆ ಬಹಳ ಸಲ ಘೋಷಣೆಗಳಲ್ಲೇ ಮುಗಿದುಹೋಗುತ್ತದೆ. ಬೆಂಬಲ ಅಂದರೆ ದಿನನಿತ್ಯದ ಕೆಲಸದಲ್ಲಿ ಏನು, ಯಾರ ದುಡ್ಡಲ್ಲಿ, ಯಾರ ಹೆಸರಲ್ಲಿ, ಯಾರ ತಲೆ ಮೇಲೆ ಎಂಬುದನ್ನು ನೋಡಲು ಊಕಾ ಪ್ರಕರಣದಷ್ಟು ಸ್ಪಷ್ಟವಾದದ್ದು ನನಗೆ ಬೇರೆ ಸಿಕ್ಕಿಲ್ಲ.

ದೇಶ ಹೇಗಿತ್ತು

ಎಲ್ ಸಾಲ್ವಡಾರ್ ಚಿಕ್ಕ ದೇಶ. ಸುಮಾರು 21,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಒಂಬತ್ತನೇ ಒಂದು ಪಾಲು. ಕಾಫಿ, ಹತ್ತಿ, ಕಬ್ಬು ಬೆಳೆಯುವ ಒಳ್ಳೆಯ ಜಮೀನೆಲ್ಲ ಬೆರಳೆಣಿಕೆಯ ಮನೆತನಗಳ ಕೈಯಲ್ಲಿತ್ತು. ಅವರನ್ನು 'ಹದಿನಾಲ್ಕು ಕುಟುಂಬಗಳು' ಅನ್ನುವುದು ಅಲ್ಲಿ ರೂಢಿ. 1932ರಲ್ಲಿ ರೈತರ ದಂಗೆಯನ್ನು ಸೇನೆ ಸಾವಿರಾರು ಜನರನ್ನು ಕೊಂದು ಅಡಗಿಸಿತು. ಅಲ್ಲಿಂದ ಸುಮಾರು ಐದು ದಶಕ ಒಬ್ಬರಲ್ಲ ಒಬ್ಬರು ಮಿಲಿಟರಿಯವರೇ ಆಳಿದರು. ಜಮೀನು ಕುಟುಂಬಗಳದ್ದು, ಬಂದೂಕು ಸೇನೆಯದು. ಒಬ್ಬರ ತಂಟೆಗೆ ಒಬ್ಬರು ಹೋಗುತ್ತಿರಲಿಲ್ಲ.

1980ರಿಂದ 1992ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸತ್ತವರು ಸುಮಾರು 75,000. ಆಗ ಇಡೀ ದೇಶದ ಜನಸಂಖ್ಯೆ ಐವತ್ತು ಲಕ್ಷದ ಆಸುಪಾಸು. ಒಂದು ಕಡೆ ಎಡಪಂಥೀಯ ಗೆರಿಲ್ಲಾಗಳ ಒಕ್ಕೂಟ ಎಫ್‌ಎಂಎಲ್‌ಎನ್. ಇನ್ನೊಂದು ಕಡೆ ಅಮೆರಿಕದ ದುಡ್ಡು, ಶಸ್ತ್ರ, ತರಬೇತಿ ಪಡೆದ ಸೇನೆ, ಅದರ ನೆರಳಿನಲ್ಲಿ ಮುಖ ಮುಚ್ಚಿಕೊಂಡು ತಿರುಗುವ ಕೊಲೆಪಡೆಗಳು. ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆ ನೇಮಿಸಿದ ಸತ್ಯ ಆಯೋಗಕ್ಕೆ 22,000ಕ್ಕೂ ಹೆಚ್ಚು ದೂರು ಬಂದವು. ಅವುಗಳಲ್ಲಿ ಸುಮಾರು ಶೇ. 85ರಷ್ಟು ಸರ್ಕಾರಿ ಪಡೆಗಳು ಮತ್ತು ಅವರ ಜೊತೆಗಾರರ ಮೇಲೆ. ಗೆರಿಲ್ಲಾಗಳ ಮೇಲಿನವು ಶೇ. 5ರಷ್ಟು.

ಬದಲಾವಣೆ ಎಲ್ಲಿಂದ ಬಂತು

ಊಕಾ ಒಂದೇ ದಿನಕ್ಕೆ ಮಗ್ಗುಲು ಬದಲಿಸಲಿಲ್ಲ. 1968ರಲ್ಲಿ ಕೊಲಂಬಿಯಾದ ಮೆಡೆಯಿನ್‌ನಲ್ಲಿ ಸೇರಿದ ಲ್ಯಾಟಿನ್ ಅಮೆರಿಕದ ಬಿಷಪ್ಪರು, ಬಡತನ ದೇವರಿಚ್ಛೆ ಅಲ್ಲ, ಸಮಾಜ ಮಾಡಿದ ಅನ್ಯಾಯ ಎಂದು ಹೇಳಿದರು. 1974-75ರಲ್ಲಿ ರೋಮ್‌ನಲ್ಲಿ ನಡೆದ ಯೇಸುಸಭೆಯ ಮಹಾಸಭೆ, ಧರ್ಮದ ಕೆಲಸ ಮತ್ತು ನ್ಯಾಯದ ಕೆಲಸ ಬೇರೆ ಬೇರೆ ಅಲ್ಲ ಎಂದು ನಿರ್ಣಯ ಮಾಡಿತು. ಆ ನಿರ್ಣಯ ಎಲ್ಲ ದೇಶಗಳ ಜೆಸ್ವಿಟರಿಗೂ ಅನ್ವಯಿಸುವಂಥದ್ದು. ಅದೇ 1975ರಿಂದ ಒಂದು ದಶಕ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್ ನಡೆಸಿದವರು ಸ್ಟ್ಯಾನ್ ಸ್ವಾಮಿ. ಮುಂದೆ ಜಾರ್ಖಂಡ್‌ನ ಆದಿವಾಸಿಗಳ ಜಮೀನು, ಜೈಲುಗಳಲ್ಲಿ ಕೊಳೆಯುತ್ತಿದ್ದ ಯುವಕರ ಬಗ್ಗೆ ಕೆಲಸ ಮಾಡಿ, ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಂಧನವಾಗಿ, ಜಾಮೀನು ಸಿಗದೆ 2021ರ ಜುಲೈ 5ರಂದು ಮುಂಬೈನ ಆಸ್ಪತ್ರೆಯಲ್ಲಿ ತೀರಿಕೊಂಡ ಅದೇ ಸ್ಟ್ಯಾನ್ ಸ್ವಾಮಿ. ಊಕಾದ ಕಥೆ ನಮಗೆ ತೀರಾ ದೂರದ್ದೇನೂ ಅಲ್ಲ.

ಊಕಾದಲ್ಲಿ ಈ ಯೋಚನೆಗೆ ಕೈಕಾಲು ಕೊಟ್ಟವರು ಇಗ್ನಾಸಿಯೊ ಎಯಾಕುರಿಯಾ. ಹುಟ್ಟಿದ್ದು 1930ರಲ್ಲಿ, ಸ್ಪೇನ್‌ನ ಬಾಸ್ಕ್ ಸೀಮೆಯಲ್ಲಿ. ಹುಡುಗನಾಗಿದ್ದಾಗಲೇ ಎಲ್ ಸಾಲ್ವಡಾರ್‌ಗೆ ಬಂದವರು. ಓದಿದ್ದು ತತ್ವಶಾಸ್ತ್ರ, ಧರ್ಮಶಾಸ್ತ್ರ. 1967ರಿಂದ ಊಕಾದಲ್ಲಿ ಪಾಠ, 1979ರಿಂದ ಕುಲಪತಿ. ಅವರ ವಾದ ಸರಳ. ವಿಶ್ವವಿದ್ಯಾಲಯ ಪಾಠ ಮಾಡುತ್ತದೆ, ಸಂಶೋಧನೆ ಮಾಡುತ್ತದೆ, ಆಮೇಲೆ ಟೈಮ್ ಉಳಿದರೆ ಸಮಾಜಸೇವೆ. ಎಲ್ಲ ಕಡೆ ಇರೋದು ಇದೇ ಕ್ರಮ. ಅವರು ಇದನ್ನು ತಿರುಗಿಸಿ ಇಟ್ಟರು. ದೇಶದ ಬಹುಪಾಲು ಜನ ಹಸಿವಿನಲ್ಲಿ, ಭಯದಲ್ಲಿ ಇದ್ದಾರೆ. ವಿಶ್ವವಿದ್ಯಾಲಯ ಓದಬೇಕಾದ ಮೊದಲ ವಿಷಯ ಆ ವಾಸ್ತವವೇ. ಏನು ಪಾಠ ಮಾಡಬೇಕು, ಏನು ಸಂಶೋಧನೆ ಮಾಡಬೇಕು ಎಂಬುದನ್ನು ಅದೇ ತೀರ್ಮಾನಿಸಬೇಕು.

ಇದರ ಜೊತೆಗೇ ಅವರು ಇನ್ನೊಂದು ಮಾತು ಸೇರಿಸುತ್ತಿದ್ದರು. ಮೇಲಿನ ಮಾತಿಗಿಂತ ಇದನ್ನು ಜನ ಬೇಗ ಮರೆಯುತ್ತಾರೆ. ವಿಶ್ವವಿದ್ಯಾಲಯ ಈ ಕೆಲಸವನ್ನು ವಿಶ್ವವಿದ್ಯಾಲಯವಾಗಿಯೇ ಮಾಡಬೇಕು. ಪಕ್ಷದ ಘಟಕವಾಗಿ ಅಲ್ಲ, ಚರ್ಚಿನ ಶಾಖೆಯಾಗಿ ಅಲ್ಲ. ಅದರ ಕೈಯಲ್ಲಿರುವ ಆಯುಧ ಅಂದರೆ ಲೆಕ್ಕ, ದಾಖಲೆ, ವಿಶ್ಲೇಷಣೆ, ಮುದ್ರಣ.

1976: ಮೊದಲ ಬಾಂಬುಗಳು

ಈ ವರ್ಷದ ಘಟನೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಊಕಾ ಸುಮ್ನೆ ಸರ್ಕಾರವನ್ನು ವಿರೋಧಿಸುತ್ತಿತ್ತು ಎಂಬ ಆರೋಪ ಇಲ್ಲೇ ಬಿದ್ದುಹೋಗುತ್ತದೆ.

ಆಗ ಅಧ್ಯಕ್ಷರಾಗಿದ್ದವರು ಕರ್ನಲ್ ಆರ್ತುರೊ ಮೊಲಿನಾ. 1972ರಲ್ಲಿ ಗಲೀಜು ಚುನಾವಣೆ ನಡೆಸಿ ಕುರ್ಚಿ ಹಿಡಿದವರು. ಆ ಮೋಸವನ್ನು ಊಕಾದವರು ಪುಸ್ತಕ ಮಾಡಿ ದಾಖಲಿಸಿದ್ದರು. ಅದೇ ಮೊಲಿನಾ 1976ರಲ್ಲಿ ಒಂದು ಭೂಸುಧಾರಣೆ ಘೋಷಿಸಿದರು. ಪೂರ್ವ ಭಾಗದ ಹತ್ತಿ ಬೆಳೆಯುವ ಜಮೀನಿನಲ್ಲಿ ಒಂದಿಷ್ಟನ್ನು ಪರಿಹಾರ ಕೊಟ್ಟು ಪಡೆದು ರೈತರಿಗೆ ಹಂಚುವ ಯೋಜನೆ. ತೀರಾ ಸೀಮಿತವಾದದ್ದು. ಆದರೂ ಊಕಾ ಅದನ್ನು ಬೆಂಬಲಿಸಿತು. ತನ್ನ ಪತ್ರಿಕೆ ಇಸಿಎ, ಅಂದರೆ ಮಧ್ಯ ಅಮೆರಿಕ ಅಧ್ಯಯನಗಳು ಎಂಬ ಪತ್ರಿಕೆಯಲ್ಲಿ, ವಿಶೇಷ ಸಂಚಿಕೆಯನ್ನೇ ತಂದಿತು. ಎಡಪಂಥದ ಕೆಲವರು ಇದು ಕಣ್ಣೊರೆಸುವ ತಂತ್ರ, ಇದಕ್ಕೆ ಯಾಕೆ ಬೆಂಬಲ ಎಂದು ಊಕಾವನ್ನೇ ಬೈದರು. ಯಾರು ತಂದರು ಅಂತ ನೋಡದೆ, ತಂದದ್ದು ಏನು ಅಂತ ನೋಡಿದ್ದು ಊಕಾ.

ಭೂಮಾಲೀಕರು ಮತ್ತು ಉದ್ಯಮಿಗಳ ಸಂಘಗಳು ತಿರುಗಿಬಿದ್ದವು. ದಿನಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು. ಹಿಂದಕ್ಕೆ ಹೆಜ್ಜೆ ಇಡುವುದಿಲ್ಲ ಎಂದಿದ್ದ ಅಧ್ಯಕ್ಷರು ಅಕ್ಟೋಬರ್ ಹೊತ್ತಿಗೆ ಹಿಂದೆ ಸರಿದರು. ಇಸಿಎ ಒಂದು ಸಂಪಾದಕೀಯ ಬರೆಯಿತು. ಸೈನಿಕ ತನ್ನ ಕ್ಯಾಪ್ಟನ್‌ಗೆ ಸೆಲ್ಯೂಟ್ ಹೊಡೆಯುವ ಹಾಗೆ ಸರ್ಕಾರ ಬಂಡವಾಳಕ್ಕೆ ಸೆಲ್ಯೂಟ್ ಹೊಡೆಯಿತು ಎಂಬುದು ಅದರ ತಲೆಬರಹದ ಅರ್ಥ. ಬರೆದವರು ಎಯಾಕುರಿಯಾ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಇಸಿಎಯ ಸಂಪಾದಕೀಯಕ್ಕೆ ಹೆಸರು ಹಾಕುವ ಪದ್ಧತಿ ಇರಲಿಲ್ಲ. ಅದು ವಿಶ್ವವಿದ್ಯಾಲಯದ ಮಾತು.

ಸರ್ಕಾರ ಊಕಾಕ್ಕೆ ಕೊಡುತ್ತಿದ್ದ ಅನುದಾನಕ್ಕೆ ಕತ್ತರಿ ಬಿತ್ತು. ಆ ವರ್ಷ ಕ್ಯಾಂಪಸ್ಸಿನಲ್ಲಿ ಒಂದಾದ ಮೇಲೊಂದು ಬಾಂಬ್ ಸಿಡಿದವು.

1977ರ ಮಾರ್ಚ್ 12ರಂದು ಹಳ್ಳಿಯ ಕೂಲಿಗಳ ಜೊತೆ ಕೆಲಸ ಮಾಡುತ್ತಿದ್ದ ಜೆಸ್ವಿಟ್ ಪಾದ್ರಿ ರುತಿಲಿಯೊ ಗ್ರಾಂದೆಯವರನ್ನು ದಾರಿಯಲ್ಲಿ ಅಡ್ಡಗಟ್ಟಿ ಕೊಂದರು. ಜೊತೆಗಿದ್ದ ಒಬ್ಬ ಮುದುಕ, ಒಬ್ಬ ಹುಡುಗ ಕೂಡ ಸತ್ತರು. 'ದೇಶಭಕ್ತನಾಗು, ಒಬ್ಬ ಪಾದ್ರಿಯನ್ನು ಕೊಲ್ಲು' ಎಂಬ ಚೀಟಿಗಳು ಊರಲ್ಲಿ ಓಡಾಡಿದವು. ಜೂನ್‌ನಲ್ಲಿ ಒಂದು ಕೊಲೆಪಡೆ, ಜೆಸ್ವಿಟರೆಲ್ಲ 30 ದಿನದೊಳಗೆ ದೇಶ ಬಿಡಬೇಕು, ಇಲ್ಲದಿದ್ದರೆ ಒಬ್ಬೊಬ್ಬರನ್ನೇ ಮುಗಿಸುತ್ತೇವೆ ಎಂದಿತು. ಅವರು ಬಿಟ್ಟು ಹೋಗಲಿಲ್ಲ. 1980ರ ಮಾರ್ಚ್ 24ರಂದು ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಪೂಜೆ ಮಾಡುತ್ತಿದ್ದಾಗಲೇ ಗುಂಡಿಗೆ ಬಲಿಯಾದರು.

ಅದೇ 1980ರಲ್ಲಿ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಆದದ್ದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಜೂನ್‌ನಲ್ಲಿ ಸೇನೆ ಒಳನುಗ್ಗಿ ಅದನ್ನು ವಶಪಡಿಸಿಕೊಂಡಿತು. ನಾಲ್ಕು ವರ್ಷ ಕ್ಯಾಂಪಸ್ ಸೇನೆಯ ಕೈಯಲ್ಲೇ ಇತ್ತು. ಅದರ ಕುಲಪತಿ ಫೆಲಿಕ್ಸ್ ಉಯೋವಾ ಅವರನ್ನು ಅಕ್ಟೋಬರ್‌ನಲ್ಲಿ ಗುಂಡಿಟ್ಟು ಕೊಂದರು. ಊಕಾದ ಹೆಸರು ಜಗತ್ತಿಗೆಲ್ಲ ಗೊತ್ತು, ಉಯೋವಾ ಹೆಸರು ಗೊತ್ತಿರುವವರು ಕಡಿಮೆ.

ಲೆಕ್ಕ ಹಿಡಿದವರು

ಊಕಾದ ಸಂಶೋಧನೆಯಲ್ಲಿ ಅಷ್ಟು ಅಪಾಯಕಾರಿಯಾದದ್ದು ಏನಿತ್ತು? ಬಾಂಬ್ ಮಾಡುವುದು ಹೇಗೆ ಅಂತ ಅಲ್ಲಿ ಯಾರೂ ಬರೆಯುತ್ತಿರಲಿಲ್ಲ. ಇಬ್ಬರ ಕೆಲಸ ನೋಡಿದರೆ ಅರ್ಥ ಆಗುತ್ತದೆ.

ಮೊದಲನೆಯವರು ಇಗ್ನಾಸಿಯೊ ಮಾರ್ತಿನ್-ಬಾರೊ. ಮನಶ್ಶಾಸ್ತ್ರಜ್ಞ. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿ 1979ರಲ್ಲಿ ವಾಪಸ್ ಬಂದರು. ಗಿಟಾರ್ ನುಡಿಸುತ್ತಿದ್ದ, ವಾರದ ಕೊನೆಗೆ ಹಯಾಕೆ ಎಂಬ ಹಳ್ಳಿಯ ಚರ್ಚಿಗೆ ಹೋಗುತ್ತಿದ್ದ ಇವರನ್ನು ಅಲ್ಲಿಯ ಜನ ಪಾದ್ರೆ ನಾಚೊ ಅನ್ನುತ್ತಿದ್ದರು. 1986ರಲ್ಲಿ ಊಕಾದಲ್ಲಿ ಸಾರ್ವಜನಿಕ ಅಭಿಪ್ರಾಯ ಸಂಸ್ಥೆ ಕಟ್ಟಿದರು. ಹೆಸರು ಇಊದೋಪ್. ಕೆಲಸ ಏನು? ಜನರ ಮನೆಗೆ ಹೋಗಿ ಪ್ರಶ್ನೆ ಕೇಳುವುದು. ಯುದ್ಧದ ಬಗ್ಗೆ ಏನನ್ನಿಸುತ್ತದೆ? ಮಾತುಕತೆ ಆಗಬೇಕಾ? ದೊಡ್ಡ ಸಮಸ್ಯೆ ಯಾವುದು?

ಸಾಮಾನ್ಯ ಸರ್ವೆ ಅಲ್ವಾ? ಆದರೆ ಆ ದೇಶದಲ್ಲಿ ಆಗ ಅಧಿಕೃತವಾಗಿ ಹೇಳುತ್ತಿದ್ದುದು ಒಂದೇ ಕಥೆ. ಜನ ಸರ್ಕಾರದ ಜೊತೆ ಇದ್ದಾರೆ, ಪ್ರಜಾಪ್ರಭುತ್ವ ಬೆಳೆಯುತ್ತಿದೆ, ಗೆರಿಲ್ಲಾಗಳನ್ನು ಸೇನೆ ಸೋಲಿಸಿದರೆ ಎಲ್ಲ ಸರಿಹೋಗುತ್ತದೆ. ವಾಷಿಂಗ್ಟನ್‌ನಲ್ಲಿ ದುಡ್ಡು ಮಂಜೂರಾಗುತ್ತಿದ್ದುದು ಈ ಕಥೆಯ ಮೇಲೆ. ಸರ್ವೆಗಳು ಬೇರೆಯೇ ಹೇಳಿದವು. ಬಹುಪಾಲು ಜನಕ್ಕೆ ಯುದ್ಧ ಸಾಕಾಗಿತ್ತು. ಮಾತುಕತೆ ಆಗಿ ಮುಗಿಯಲಿ ಎಂಬುದೇ ಅವರ ಆಸೆ. ಗೆರಿಲ್ಲಾಗಳ ಕಡೆಯಿಂದಲೂ ಒಂದು ಕಥೆ ಇತ್ತು, ಇಡೀ ಜನತೆ ದಂಗೆ ಏಳಲು ಸಿದ್ಧವಾಗಿದೆ ಅಂತ. ಅದಕ್ಕೂ ಸರ್ವೆಯಲ್ಲಿ ಆಧಾರ ಸಿಗಲಿಲ್ಲ. ಮಾರ್ತಿನ್-ಬಾರೊ ಅಂಕಿಅಂಶ ಇಬ್ಬರಿಗೂ ಕಹಿಯಾಗಿತ್ತು.

ಅವರು ಯುದ್ಧದ ಮನಶ್ಶಾಸ್ತ್ರದ ಬಗ್ಗೆ ಬರೆಯುವಾಗ ಮೂರು ಸಂಗತಿಗಳನ್ನು ಒಟ್ಟಿಗೆ ಇಡುತ್ತಿದ್ದರು: ಹಿಂಸೆ, ಸಮಾಜ ಎರಡು ಹೋಳಾಗುವುದು, ಸಂಸ್ಥೆಗಳ ಮೂಲಕವೇ ಹರಡುವ ಸುಳ್ಳು. ಮೂರನೆಯದು ನನ್ನನ್ನು ಬಹಳ ಕಾಡಿದೆ. ಸುಳ್ಳು ಎಲ್ಲ ಕಡೆಯಿಂದ ಬರುತ್ತಿದ್ದರೆ, ತನ್ನ ಕಣ್ಣಿಗೆ ಕಂಡದ್ದು ನಿಜವೋ ಅಲ್ಲವೋ ಎಂದು ಮನುಷ್ಯನಿಗೆ ತನ್ನ ಮೇಲೇ ಅನುಮಾನ ಬರುತ್ತದೆ. ಪಕ್ಕದ ಮನೆಯವನನ್ನು ಕೇಳೋಣ ಅಂದರೆ ಭಯ. ಅಂಥ ಕಡೆ ಒಂದು ಸರ್ವೆ ಅಚ್ಚಾಗಿ ಬಂತು ಅಂದರೆ, ನಾನೊಬ್ಬನೇ ಹೀಗೆ ಯೋಚಿಸುತ್ತಿಲ್ಲ, ಊರಿಗೆ ಊರೇ ಹೀಗೆ ಯೋಚಿಸುತ್ತಿದೆ ಎಂದು ಮೊದಲ ಸಲ ಗೊತ್ತಾಗುತ್ತದೆ. ಇದಕ್ಕಿಂತ ದೊಡ್ಡ ಬುಡಮೇಲು ಕೆಲಸ ಯಾವ ಭಾಷಣದಿಂದ ಆಗುತ್ತದೆ?

ಎರಡನೆಯವರು ಸಮಾಜಶಾಸ್ತ್ರಜ್ಞ ಸೆಗುಂದೊ ಮೊಂತೆಸ್. 1985ರಲ್ಲಿ ಊಕಾದ ಮಾನವ ಹಕ್ಕುಗಳ ಸಂಸ್ಥೆ ಇದೂಕಾ ಆರಂಭಿಸಿದರು. ಅವರು ಹಿಂಬಾಲಿಸಿ ಹೋದದ್ದು ಊರು ಬಿಟ್ಟವರನ್ನು. ಯುದ್ಧಕ್ಕೆ ಹೆದರಿ ಓಡಿದ ಲಕ್ಷಗಟ್ಟಲೆ ಜನ ಹೊಂಡುರಾಸ್‌ನ ಶಿಬಿರಗಳಲ್ಲಿ, ಅಮೆರಿಕದ ನಗರಗಳಲ್ಲಿ ಇದ್ದರು. ಅಮೆರಿಕ ಸರ್ಕಾರ ಇವರನ್ನು ನಿರಾಶ್ರಿತರು ಎಂದು ಒಪ್ಪಲು ತಯಾರಿರಲಿಲ್ಲ. ಕೂಲಿ ಹುಡುಕಿಕೊಂಡು ಬಂದವರು ಎನ್ನುತ್ತಿತ್ತು. ಒಪ್ಪಿದರೆ ತಾನೇ ದುಡ್ಡು ಕೊಡುತ್ತಿರುವ ಸೇನೆ ಜನರನ್ನು ಓಡಿಸುತ್ತಿದೆ ಎಂದು ಒಪ್ಪಿದ ಹಾಗೆ. ಮೊಂತೆಸ್ ಲೆಕ್ಕ ಹಾಕಿದರು: ಯಾರು ಹೋದರು, ಯಾಕೆ ಹೋದರು, ಮನೆಗೆ ಎಷ್ಟು ದುಡ್ಡು ಕಳಿಸುತ್ತಾರೆ. ಹೀಗೆ ಹೊರಗಿನಿಂದ ಬರುವ ದುಡ್ಡೇ ದೇಶವನ್ನು ನಿಲ್ಲಿಸಿದೆ ಎಂದು ತೋರಿಸಿದವರಲ್ಲಿ ಅವರು ಮೊದಲಿಗರು. 1987ರಲ್ಲಿ ಎಲ್ ಸಾಲ್ವಡಾರ್‌ನ ಅಧ್ಯಕ್ಷ ದುವಾರ್ತೆ ಅವರೇ ಅಮೆರಿಕದ ಅಧ್ಯಕ್ಷ ರೇಗನ್‌ಗೆ ಪತ್ರ ಬರೆದು, ನಮ್ಮವರನ್ನು ವಾಪಸ್ ಕಳಿಸಬೇಡಿ, ಅವರು ಕಳಿಸುವ ಹಣ ನಿಂತರೆ ನಮಗೆ ಕಷ್ಟ ಎಂದು ಕೇಳಿಕೊಳ್ಳಬೇಕಾಯಿತು.

ಹೊಂಡುರಾಸ್‌ನ ಕೊಲೊಮೊಂಕಾಗುವಾ ಶಿಬಿರದಲ್ಲಿ ವರ್ಷಗಟ್ಟಲೆ ಇದ್ದ ನಿರಾಶ್ರಿತರು ತಮ್ಮ ದೇಶಕ್ಕೆ ಮರಳಿದ ಮೇಲೆ ತಾವು ಕಟ್ಟಿಕೊಂಡ ಊರಿಗೆ ಇಟ್ಟ ಹೆಸರು ಸೆಗುಂದೊ ಮೊಂತೆಸ್ ನಗರ. ಒಬ್ಬ ಸಂಶೋಧಕನ ಹೆಸರನ್ನು, ಅವನು ಯಾರ ಬಗ್ಗೆ ಸಂಶೋಧನೆ ಮಾಡಿದನೋ ಅವರೇ ತಮ್ಮ ಊರಿಗೆ ಇಡುವುದು ಅಪರೂಪ.

ಸಂಸ್ಥೆ ಬೆನ್ನಿಗೆ ನಿಂತದ್ದು ಹೇಗೆ

ಧೈರ್ಯವಂತ ಪ್ರೊಫೆಸರ್‌ಗಳು ಎಲ್ಲ ಕಡೆ ಒಬ್ಬಿಬ್ಬರು ಇರುತ್ತಾರೆ. ಊಕಾದ ವಿಶೇಷ, ಸಂಸ್ಥೆಯೇ ಅವರ ಜೊತೆ ಇತ್ತು.

ದುಡ್ಡಿನ ವಿಷಯವನ್ನೇ ತೆಗೆದುಕೊಳ್ಳಿ. ಕಟ್ಟಡಗಳಿಗೆ ಇಂಟರ್-ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕಿನಿಂದ ಸಾಲ ತಂದಿದ್ದರು. ಫೀಸು ಎಲ್ಲರಿಗೂ ಒಂದೇ ಇರಲಿಲ್ಲ. ಮನೆಯ ಆದಾಯ ನೋಡಿ ಉಳ್ಳವರಿಗೆ ಜಾಸ್ತಿ, ಇಲ್ಲದವರಿಗೆ ಕಡಿಮೆ. ಪಾದ್ರಿಗಳ ಸಂಬಳ ಅವರ ಸಮುದಾಯಕ್ಕೆ ಹೋಗುತ್ತಿತ್ತು, ಅದರಲ್ಲಿ ಬಹುಪಾಲು ಮತ್ತೆ ಕೆಲಸಕ್ಕೇ ಬರುತ್ತಿತ್ತು. ಹಾಗಾಗಿ ಸರ್ಕಾರ ಅನುದಾನಕ್ಕೆ ಕತ್ತರಿ ಹಾಕಿದಾಗ ಸಂಸ್ಥೆ ನಲುಗಿತು, ಆದರೆ ಮುಚ್ಚಲಿಲ್ಲ. ಸಂಬಳಕ್ಕೆ ಪ್ರತಿ ತಿಂಗಳು ಸರ್ಕಾರದ ಬಾಗಿಲು ಕಾಯುವ ವಿಶ್ವವಿದ್ಯಾಲಯ ಇಂಥ ಸಂಪಾದಕೀಯ ಬರೆಯುವುದು ಕಷ್ಟ. ನಮ್ಮ ವಿಶ್ವವಿದ್ಯಾಲಯಗಳ ಬಗ್ಗೆ ಮಾತಾಡುವಾಗ ಈ ಒಂದು ಸಂಗತಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾತಾಡುತ್ತೇವೆ.

ಆಮೇಲೆ ಅಚ್ಚುಕೂಟ. ಊಕಾಕ್ಕೆ ತನ್ನದೇ ಪ್ರಕಾಶನ ಇತ್ತು, ತನ್ನದೇ ಪತ್ರಿಕೆಗಳಿದ್ದವು. ಊರಿನ ದೊಡ್ಡ ದಿನಪತ್ರಿಕೆಗಳು ಮುಟ್ಟದ ವಿಷಯ ಇಲ್ಲಿ ಅಚ್ಚಾಗುತ್ತಿತ್ತು. 80ರ ದಶಕದ ಮಧ್ಯದಲ್ಲಿ 'ರಾಷ್ಟ್ರೀಯ ವಾಸ್ತವ ಪೀಠ' ಎಂಬ ವೇದಿಕೆಯನ್ನೂ ಶುರು ಮಾಡಿದರು. ಪಕ್ಷದವರು, ಕಾರ್ಮಿಕ ಸಂಘದವರು, ಚರ್ಚಿನವರು ಬಂದು ದೇಶದ ಪ್ರಶ್ನೆಗಳ ಬಗ್ಗೆ ಮಾತಾಡಬೇಕು, ಯಾರು ಬೇಕಾದರೂ ಕೇಳಬಹುದು, ಪ್ರಶ್ನೆ ಹಾಕಬಹುದು. ಊರಲ್ಲಿ ಇನ್ನೆಲ್ಲೂ ಎದುರುಬದುರು ಕೂರದವರು ಇಲ್ಲಿ ಕೂತರು.

ಮೂರನೆಯದು ಕುಲಪತಿಯೇ ಮುಂದೆ ನಿಂತದ್ದು. ಎಷ್ಟೋ ಕಡೆ ಗಲಾಟೆ ಆದ ಕೂಡಲೇ ಆಡಳಿತದವರು, ಅದು ಅವರ ವೈಯಕ್ತಿಕ ಅಭಿಪ್ರಾಯ, ಸಂಸ್ಥೆಗೂ ಅದಕ್ಕೂ ಸಂಬಂಧ ಇಲ್ಲ ಎಂದು ಕೈ ತೊಳೆದುಕೊಳ್ಳುತ್ತಾರೆ. ಊಕಾದಲ್ಲಿ ಟಿವಿಯಲ್ಲಿ ಬಂದು ವಾದ ಮಾಡುತ್ತಿದ್ದವರು ಕುಲಪತಿ, ಸರ್ವೆ ಮಾಡುತ್ತಿದ್ದವರು ಉಪಕುಲಪತಿ. ತಳ್ಳಿಹಾಕಲು ಕೆಳಗೆ ಯಾರೂ ಇರಲಿಲ್ಲ. ಅದಕ್ಕೆ ಬೆಲೆಯನ್ನೂ ತೆತ್ತರು. ಕೊಲೆ ಬೆದರಿಕೆ ಬಂದು ಎಯಾಕುರಿಯಾ 1980ರ ಕೊನೆಯಿಂದ 1982ರವರೆಗೆ ದೇಶದ ಹೊರಗೆ ಇರಬೇಕಾಯಿತು.

ಪಕ್ಷದಿಂದ ಅಂತರ ಕಾಯ್ದುಕೊಂಡದ್ದನ್ನು ನಾನು ಎಲ್ಲಕ್ಕಿಂತ ಮುಖ್ಯ ಅನ್ನುತ್ತೇನೆ, ಯಾಕೆಂದರೆ ಅದು ಬಹಳ ಕಷ್ಟದ ಕೆಲಸ. ಊಕಾದವರು ರಾಜಕೀಯದಿಂದ ದೂರ ಇದ್ದ ಸನ್ಯಾಸಿಗಳೇನಲ್ಲ. 1979ರ ಅಕ್ಟೋಬರ್‌ನಲ್ಲಿ ಯುವ ಸೇನಾಧಿಕಾರಿಗಳು ದಂಗೆ ಎದ್ದು ಸುಧಾರಣೆಯ ಸರ್ಕಾರ ಮಾಡಿದಾಗ, ಊಕಾದ ಆಗಿನ ಕುಲಪತಿ ರೊಮಾನ್ ಮಯೋರ್ಗಾ ಅದರಲ್ಲಿ ಸೇರಿದರು. ಅಲ್ಲೇ ಕೆಲಸ ಮಾಡುತ್ತಿದ್ದ ಗಿಯೆರ್ಮೊ ಉಂಗೊ ಕೂಡ ಸೇರಿದರು. ಕೊಲೆಗಳು ನಿಲ್ಲದಿದ್ದಾಗ, ಸೇನೆ ಮಾತು ಕೇಳದಿದ್ದಾಗ, 1980ರ ಜನವರಿ ಆರಂಭದಲ್ಲೇ ಇಬ್ಬರೂ ರಾಜೀನಾಮೆ ಕೊಟ್ಟು ಹೊರಬಂದರು. ಉಂಗೊ ಆಮೇಲೆ ಗೆರಿಲ್ಲಾಗಳ ಜೊತೆಗಿದ್ದ ರಾಜಕೀಯ ರಂಗದ ನಾಯಕರಾದರು. ಸಂಸ್ಥೆ ಆ ಕಡೆ ಹೋಗಲಿಲ್ಲ. ಗೆರಿಲ್ಲಾಗಳ ಅಪಹರಣ, ನೆಲಬಾಂಬು, ಕೊಲೆಗಳನ್ನು ಇಸಿಎ ಹೆಸರಿಟ್ಟೇ ಟೀಕಿಸಿತು. 1985ರಲ್ಲಿ ಗೆರಿಲ್ಲಾಗಳು ಅಧ್ಯಕ್ಷ ದುವಾರ್ತೆಯ ಮಗಳನ್ನು ಅಪಹರಿಸಿದಾಗ ಆಗಿನ ಆರ್ಚ್‌ಬಿಷಪ್ ಜೊತೆ ಮಧ್ಯಸ್ಥಿಕೆ ವಹಿಸಿ ಬಿಡಿಸಿದವರಲ್ಲಿ ಎಯಾಕುರಿಯಾ ಒಬ್ಬರು. ಎರಡೂ ಕಡೆಯವರು ಅವರನ್ನು ನಂಬಿದ್ದಕ್ಕೇ ಅದು ಆಯಿತು.

ಸೇನೆಯ ಬಲಪಂಥದವರಿಗೆ ಹೆಚ್ಚು ಭಯ ಹುಟ್ಟಿಸಿದ್ದು ಈ ನಂಬಿಕೆಯೇ ಎಂದು ನನ್ನ ಅಭಿಪ್ರಾಯ. ಗೆರಿಲ್ಲಾ ಜೊತೆ ಯುದ್ಧ ಮಾಡಬಹುದು. ಮಾತುಕತೆಗೆ ದಾರಿ ಮಾಡುವವನ ಜೊತೆ ಏನು ಮಾಡೋದು?

ನವೆಂಬರ್ 1989

ನವೆಂಬರ್ 11ರ ರಾತ್ರಿ ಎಫ್‌ಎಂಎಲ್‌ಎನ್ ರಾಜಧಾನಿಯ ಮೇಲೇ ದಾಳಿ ಮಾಡಿತು. ಇಡೀ ಯುದ್ಧದಲ್ಲೇ ಅದು ಅತಿ ದೊಡ್ಡದು. ಸರ್ಕಾರ ಎಲ್ಲ ರೇಡಿಯೊಗಳನ್ನೂ ತನ್ನ ಕೈಗೆ ತೆಗೆದುಕೊಂಡು ಒಂದೇ ಪ್ರಸಾರ ಮಾಡಿತು. ಕರೆ ಮಾಡಿದವರು ನೇರಪ್ರಸಾರದಲ್ಲೇ ಎಯಾಕುರಿಯಾ ಹೆಸರು ಹೇಳಿ ಕೊಲ್ಲಿ ಎನ್ನುತ್ತಿದ್ದರು.

ಎಯಾಕುರಿಯಾ ಆಗ ಸ್ಪೇನ್‌ನಲ್ಲಿದ್ದರು. ಅಲ್ಲೇ ಉಳಿಯಬಹುದಿತ್ತು. ಅಕ್ಟೋಬರ್ 31ರಂದು ಒಂದು ಕಾರ್ಮಿಕ ಸಂಘದ ಕಚೇರಿಯಲ್ಲಿ ಬಾಂಬ್ ಸಿಡಿದು ಹಲವರು ಸತ್ತಿದ್ದರು. ಅದರ ತನಿಖಾ ಸಮಿತಿಗೆ ಬನ್ನಿ ಎಂದು ಎಯಾಕುರಿಯಾರನ್ನು ಅಧ್ಯಕ್ಷ ಕ್ರಿಸ್ತಿಯಾನಿ ಕರೆದಿದ್ದರು. 13ರಂದು ವಾಪಸ್ ಬಂದರು. ಅದೇ ಸಂಜೆ ಅತ್ಲಾಕಾತ್ಲ್ ಬೆಟಾಲಿಯನ್ನಿನ ಸೈನಿಕರು ಬಂದು ಪಾದ್ರಿಗಳ ಮನೆಯನ್ನು ಕೋಣೆ ಕೋಣೆ ತಡಕಿದರು. ಒಂದು ಬಂದೂಕೂ ಸಿಗಲಿಲ್ಲ. ಹುಡುಕಿ ಆಯಿತು, ಇನ್ನು ಬರಲಿಕ್ಕಿಲ್ಲ ಎಂದು ಒಳಗಿನವರು ಅಂದುಕೊಂಡರು.

15ರ ರಾತ್ರಿ ಸೇನೆಯ ಮುಖ್ಯಸ್ಥ ಕರ್ನಲ್ ರೆನೆ ಎಮಿಲಿಯೊ ಪೊನ್ಸೆ, ಎಯಾಕುರಿಯಾರನ್ನು ಕೊಲ್ಲಬೇಕು, ಸಾಕ್ಷಿ ಉಳಿಯಬಾರದು ಎಂದು ಮಿಲಿಟರಿ ಶಾಲೆಯ ಮುಖ್ಯಸ್ಥ ಕರ್ನಲ್ ಬೆನವಿದೆಸ್‌ಗೆ ಆದೇಶ ಕೊಟ್ಟರು. ಇದು ಸತ್ಯ ಆಯೋಗದ ತೀರ್ಮಾನ. ಪಡೆಯನ್ನು ಕರೆದುಕೊಂಡು ಹೋದ ಲೆಫ್ಟಿನೆಂಟ್‌ಗಳಲ್ಲಿ ಒಬ್ಬ, ಎಸ್ಪಿನೋಸಾ, ಜೆಸ್ವಿಟರದ್ದೇ ಹೈಸ್ಕೂಲಿನಲ್ಲಿ ಓದಿದವನು. ಅವನು ಓದುವಾಗ ಆ ಶಾಲೆಯ ಮುಖ್ಯಸ್ಥರಾಗಿದ್ದವರು ಸೆಗುಂದೊ ಮೊಂತೆಸ್.

ಐವರನ್ನು ಹಿತ್ತಲಿನ ಹುಲ್ಲಿನ ಮೇಲೆ ಬೋರಲು ಮಲಗಿಸಿ ಗುಂಡು ಹಾರಿಸಿದರು: ಎಯಾಕುರಿಯಾ, ಮಾರ್ತಿನ್-ಬಾರೊ, ಮೊಂತೆಸ್, ಅಮಾಂದೊ ಲೋಪೆಸ್, ಹುವಾನ್ ರಾಮೋನ್ ಮೊರೆನೊ. ಒಳಗಿದ್ದ ಹೊವಾಕಿನ್ ಲೋಪೆಸ್ ಇ ಲೋಪೆಸ್‌ರನ್ನು ಒಳಗೇ ಕೊಂದರು. ಬಡ ಮಕ್ಕಳ ಶಾಲೆಗಳನ್ನು ನಡೆಸುತ್ತಿದ್ದ, ಕ್ಯಾನ್ಸರ್ ಬಂದಿದ್ದ ಮುದುಕ ಅವರು. ಒಂದು ಕೋಣೆಯಲ್ಲಿ ಅಡುಗೆಯ ಎಲ್ಬಾ ರಾಮೋಸ್ ಮತ್ತು ಮಗಳು ಸೆಲಿನಾ ಇದ್ದರು. ಗೇಟಿನ ಹತ್ತಿರದ ತಮ್ಮ ಮನೆಯಲ್ಲಿ ಗುಂಡಿನ ಸದ್ದಿಗೆ ಹೆದರಿ, ಪಾದ್ರಿಗಳ ಹತ್ತಿರ ಇದ್ದರೆ ಸುರಕ್ಷಿತ ಎಂದು ಬಂದು ಮಲಗಿದ್ದವರು. ತಾಯಿ ಮಗಳನ್ನು ಅಪ್ಪಿಕೊಂಡ ಸ್ಥಿತಿಯಲ್ಲೇ ಹೆಣ ಸಿಕ್ಕಿತು.

ಕೊಲ್ಲಲು ಬಳಸಿದ ಒಂದು ಬಂದೂಕು ಎಕೆ-47. ಗೆರಿಲ್ಲಾಗಳಿಂದ ವಶಪಡಿಸಿಕೊಂಡದ್ದು. ಹೋಗುವಾಗ ಒಂದು ರಟ್ಟಿನ ಮೇಲೆ, ಇದು ಎಫ್‌ಎಂಎಲ್‌ಎನ್ ಮಾಡಿದ್ದು ಎಂದು ಬರೆದಿಟ್ಟು ಹೋದರು.

ಪ್ರಕರಣವನ್ನು ಅಳೆಯುವಾಗ

ಈ ಎಂಟು ಸಾವು ಯುದ್ಧದ ದಿಕ್ಕು ಬದಲಿಸಿತು ಎಂಬುದು ನಿಜ. ಅಮೆರಿಕದ ಕಾಂಗ್ರೆಸ್ಸು ಸಂಸದ ಜೋ ಮೋಕ್ಲಿ ಮುಂದಾಳತ್ವದಲ್ಲಿ ತನಿಖೆ ಮಾಡಿಸಿತು. 1990ರಲ್ಲಿ ಮಿಲಿಟರಿ ನೆರವನ್ನು ಅರ್ಧಕ್ಕೆ ಇಳಿಸಿತು. 1992ರ ಜನವರಿ 16ರಂದು ಮೆಕ್ಸಿಕೊದ ಚಪುಲ್ತೆಪೆಕ್‌ನಲ್ಲಿ ಶಾಂತಿ ಒಪ್ಪಂದ ಆಯಿತು. ಮಾತುಕತೆಯಿಂದಲೇ ಮುಗಿಯಬೇಕು ಎಂದು ಊಕಾದವರು ವರ್ಷಗಟ್ಟಲೆ ಬರೆದದ್ದು ಹಾಗೇ ಆಯಿತು. ಅವರು ಇರಲಿಲ್ಲ.

ಆದರೆ ಇದೇ ಅತ್ಲಾಕಾತ್ಲ್ ಬೆಟಾಲಿಯನ್ 1981ರ ಡಿಸೆಂಬರ್‌ನಲ್ಲಿ ಎಲ್ ಮೊಸೋತೆ ಎಂಬ ಊರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸುಮಾರು ಸಾವಿರ ಜನರನ್ನು ಕೊಂದಿತ್ತು. ಸತ್ತವರಲ್ಲಿ ಮಕ್ಕಳೇ ಬಹಳ. ಆಗ ನೆರವು ನಿಲ್ಲಲಿಲ್ಲ. ವಾಷಿಂಗ್ಟನ್ ಆ ಸುದ್ದಿಯನ್ನೇ ಅನುಮಾನಿಸಿತು. ಸಾವಿರ ರೈತರ ಸಾವಿಗೆ ಅಲುಗದ ಜಗತ್ತು ಒಂದು ವಿಶ್ವವಿದ್ಯಾಲಯದ ಆರು ಪಾದ್ರಿಗಳ ಸಾವಿಗೆ ಅಲುಗಿತು. ಇದು ಸಿಟ್ಟು ಬರಿಸುವ ಮಾತು, ಬರಬೇಕು ಕೂಡ. ವಿಶ್ವವಿದ್ಯಾಲಯಕ್ಕೆ ಸಮಾಜ ಸುಮ್ನೆ ಕೊಟ್ಟಿರುವ ಮರ್ಯಾದೆ ಎಷ್ಟು ದೊಡ್ಡದು ಎಂದು ಇದರಿಂದ ಗೊತ್ತಾಗುತ್ತದೆ. ಬೇರೆ ದೇಶದ ಪತ್ರಕರ್ತರು, ರಾಜತಂತ್ರಜ್ಞರು ಊಕಾದ ಮಾತು ಕೇಳುತ್ತಿದ್ದರು, ಹಳ್ಳಿಯ ಹೆಂಗಸಿನ ಮಾತು ಕೇಳುತ್ತಿರಲಿಲ್ಲ. ಊಕಾ ಆ ಮರ್ಯಾದೆಯನ್ನು ಕೂಡಿಟ್ಟುಕೊಳ್ಳದೆ ಆ ಹೆಂಗಸಿಗಾಗಿ ಖರ್ಚು ಮಾಡಿತು.

ಕೊರತೆಗಳೂ ಇದ್ದವು. ಮುಂದೆ ನಿಂತವರು ಹೆಚ್ಚಾಗಿ ಪಾದ್ರಿಗಳು, ಅದರಲ್ಲೂ ಸ್ಪೇನ್‌ನಲ್ಲಿ ಹುಟ್ಟಿದವರು. ಅವರ ಹಿಂದೆ ರೋಮ್ ಇತ್ತು, ಸ್ಪೇನ್ ಸರ್ಕಾರ ಇತ್ತು. ಅದೇ ಸರ್ವೆಗೆ ಮನೆ ಮನೆ ಅಲೆದ ವಿದ್ಯಾರ್ಥಿಗಳ ಹಿಂದೆ ಅಷ್ಟು ಬಲ ಇರಲಿಲ್ಲ. ಎಲ್ಬಾ, ಸೆಲಿನಾ ಅವರನ್ನಂತೂ ಈ ಅಪಾಯಕ್ಕೆ ಒಪ್ಪಿಗೆ ಇದೆಯಾ ಎಂದು ಯಾರೂ ಕೇಳಿರಲಿಲ್ಲ. ಸಂಸ್ಥೆಯೊಂದು ಧೈರ್ಯದ ತೀರ್ಮಾನ ಮಾಡಿದಾಗ ಅದರ ಕಾವು ಗೇಟ್ ಕಾಯುವವರಿಗೆ, ಕಸ ಗುಡಿಸುವವರಿಗೆ, ಅಡುಗೆಯವರಿಗೂ ತಾಗುತ್ತದೆ. ಆ ರಾತ್ರಿ ಸೈನಿಕರನ್ನು ಕಂಡು ಸಾಕ್ಷಿ ಹೇಳಲು ಮುಂದೆ ಬಂದವರೂ ಕ್ಲೀನಿಂಗ್ ಕೆಲಸದ ಒಬ್ಬ ಹೆಂಗಸೇ. ಅದಕ್ಕೆ ಅವರು ಗಂಡ, ಮಗಳ ಜೊತೆ ದೇಶ ಬಿಡಬೇಕಾಯಿತು. ಅಮೆರಿಕದಲ್ಲೂ ದಿನಗಟ್ಟಲೆ ವಿಚಾರಣೆ, ಬೆದರಿಕೆ ಎದುರಿಸಿದರು. ಹುತಾತ್ಮರ ಪಟ್ಟಿಯಲ್ಲಿ ಮೊದಲು ಬರುವ ಹೆಸರುಗಳ ಜೊತೆ ಈ ಹೆಂಗಸರನ್ನೂ ಇಟ್ಟು ನೋಡದಿದ್ದರೆ ಪ್ರಕರಣ ಅರ್ಧ ಮಾತ್ರ ಅರ್ಥವಾಗುತ್ತದೆ.

ಕೊಂದವರು ಲೆಕ್ಕ ಹಾಕಿಕೊಂಡಿದ್ದರೋ ಏನೋ, ತಲೆ ತೆಗೆದರೆ ಸಂಸ್ಥೆ ಬೀಳುತ್ತದೆ ಅಂತ. ಬೀಳಲಿಲ್ಲ. ಬೇರೆ ದೇಶಗಳ ಜೆಸ್ವಿಟರು ತಾವಾಗಿ ಮುಂದೆ ಬಂದು ಪಾಠಕ್ಕೆ ನಿಂತರು. ಇಸಿಎ ನಿಲ್ಲಲಿಲ್ಲ. ಇಊದೋಪ್ ಇಂದಿಗೂ ಸರ್ವೆ ಮಾಡುತ್ತಿದೆ, ಇಂದಿನ ಸರ್ಕಾರದ ಬಗ್ಗೆಯೂ ಜನರನ್ನು ಕೇಳುತ್ತಿದೆ.

ನ್ಯಾಯದ ದಾರಿ ಮಾತ್ರ ಬಹಳ ಉದ್ದ ಆಯಿತು. 1991ರಲ್ಲಿ ಕರ್ನಲ್ ಬೆನವಿದೆಸ್ ಮತ್ತು ಒಬ್ಬ ಲೆಫ್ಟಿನೆಂಟ್ ಅಪರಾಧಿಗಳೆಂದು ತೀರ್ಮಾನವಾಯಿತು. ಗುಂಡು ಹಾರಿಸಿದೆವು ಎಂದು ತಾವೇ ಒಪ್ಪಿಕೊಂಡಿದ್ದ ಸೈನಿಕರು ಖುಲಾಸೆಯಾದರು. 1993ರ ಮಾರ್ಚ್ 15ರಂದು ಸತ್ಯ ಆಯೋಗದ ವರದಿ ಬಂತು. ಐದೇ ದಿನದಲ್ಲಿ ಸಂಸತ್ತು ಎಲ್ಲರಿಗೂ ಕ್ಷಮಾದಾನದ ಕಾನೂನು ಮಾಡಿತು. ಜೈಲಿನಲ್ಲಿದ್ದ ಇಬ್ಬರೂ ಹೊರಬಂದರು. ಪೊನ್ಸೆ 2011ರಲ್ಲಿ ಯಾವ ಶಿಕ್ಷೆಯೂ ಇಲ್ಲದೆ ತೀರಿಕೊಂಡರು.

ಬೇರೆಯವರ ಮನೆಯ ಕೊಲೆ, ಕಣ್ಮರೆಗಳ ದೂರು ಬರೆದುಕೊಳ್ಳಲು ಮೊಂತೆಸ್ ಕಟ್ಟಿದ್ದ ಇದೂಕಾ ಈಗ ಅವರ ಕೊಲೆಯ ದೂರನ್ನೇ ಹಿಡಿದು ಅಲೆಯತೊಡಗಿತು. 1999ರಲ್ಲಿ ಇಂಟರ್-ಅಮೆರಿಕನ್ ಮಾನವ ಹಕ್ಕುಗಳ ಆಯೋಗ ದೇಶವೇ ಹೊಣೆ ಎಂದಿತು. 2000ದಲ್ಲಿ ಇದೂಕಾ ಮಾಜಿ ಅಧ್ಯಕ್ಷ ಮತ್ತು ಸೇನೆಯ ಮೇಲಧಿಕಾರಿಗಳ ಮೇಲೆ ಸ್ವದೇಶದಲ್ಲೇ ದೂರು ಕೊಟ್ಟಿತು. ಅಲ್ಲಿ ಬಾಗಿಲು ಮುಚ್ಚಿತು. 2016ರ ಜುಲೈನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕ್ಷಮಾದಾನದ ಕಾನೂನನ್ನೇ ರದ್ದು ಮಾಡಿತು. ಸ್ಪೇನ್‌ನಲ್ಲಿ ಬೇರೆಯವರು ಹೂಡಿದ್ದ ಮೊಕದ್ದಮೆಯಲ್ಲಿ 2020ರ ಸೆಪ್ಟೆಂಬರ್ 11ರಂದು ಮಾಜಿ ಕರ್ನಲ್ ಇನೊಸೆಂತೆ ಮೊಂತಾನೊಗೆ 133 ವರ್ಷ 4 ತಿಂಗಳ ಶಿಕ್ಷೆ ಆಯಿತು. ಸ್ಪೇನ್ ಪ್ರಜೆಗಳಾಗಿದ್ದ ಐವರ ಕೊಲೆಗೆ ಮಾತ್ರ. ಸಾಲ್ವಡಾರ್‌ನವರೇ ಆದ ಹೊವಾಕಿನ್, ಎಲ್ಬಾ, ಸೆಲಿನಾ ಅವರ ಕೊಲೆಗೆ ಆ ತೀರ್ಪಿನಲ್ಲಿ ಶಿಕ್ಷೆ ಇಲ್ಲ. 2022ರಲ್ಲಿ ಎಲ್ ಸಾಲ್ವಡಾರ್‌ನ ನ್ಯಾಯಾಲಯ ಮಾಜಿ ಅಧ್ಯಕ್ಷ ಕ್ರಿಸ್ತಿಯಾನಿ ಬಂಧನಕ್ಕೆ ಆದೇಶ ಹೊರಡಿಸಿತು. ಅಷ್ಟರಲ್ಲಿ ಅವರು ದೇಶ ಬಿಟ್ಟಾಗಿತ್ತು.